ಕಿಟಕಿ ಕೊರೆದ ರಟ್ಟು

ಮಗ ಈಗ ಮೂರನೇ ಕ್ಲಾಸು. ಮಗ್ಗಿ ಹದಿನೈದರವರೆಗೆ ಬಾಯಿಪಾಠ. ಆದರೆ ಬೋರ್ಡಿನ ಲೆಕ್ಕ ಪುಸ್ತಕಕ್ಕೆ ಇಳಿಸುವಾಗ ಬಿಡಿಯ ಅಂಕಿ ಹತ್ತರ ಸ್ಥಾನಕ್ಕೆ ಜಾರುತ್ತದೆ, ನಡುವೆ ಒಂದು ಸಾಲೇ ಹಾರಿಹೋಗುತ್ತದೆ. ಜಾಮಿಟ್ರಿ ಬಾಕ್ಸಿನಲ್ಲಿ ಕಣ್ಣೆದುರೇ ಇರುವ ರಬ್ಬರು ಅವನಿಗೆ ಸಿಗುವುದಿಲ್ಲ. 'ಗಮನ ಕೊಡುವುದಿಲ್ಲ' ಎಂದು ಶಾಲೆಯ ಡೈರಿಯಲ್ಲಿ ಬರೆದು ಕಳಿಸಿದರು. ನಾನೂ ಗದರಿದೆ. ಒಮ್ಮೆ ಹೊಡೆದೆ ಕೂಡ. ಆ ಹೊಡೆತ ಇವತ್ತಿಗೂ ನನ್ನ ಕೈಯಲ್ಲೇ ಉಳಿದಿದೆ.

ಹುಟ್ಟಿದ ಮೂರನೇ ದಿನ ಅವನಿಗೆ ಫಿಟ್ಸ್ ಬಂದಿತ್ತು. ನನಗಿನ್ನೂ ಹಾಲು ಸರಿಯಾಗಿ ಇಳಿದಿರಲಿಲ್ಲ. ಅಳದೆ ಮಲಗಿರುತ್ತಿದ್ದವನನ್ನು ಸಾಧು ಕೂಸು ಅಂದುಕೊಂಡಿದ್ದೆವು. ಮಧ್ಯಾಹ್ನ ತುಟಿ ಚಪ್ಪರಿಸತೊಡಗಿದ, ಕಣ್ಣು ಒಂದೇ ಕಡೆ ನೆಟ್ಟಿತು, ಕಾಲು ಸೈಕಲ್ ತುಳಿದ ಹಾಗೆ. ಹಸಿವು ಇರಬೇಕು ಅಂದರು ಅತ್ತೆ. ನಾನು ಪಾದ ಹಿಡಿದುಕೊಂಡೆ. ಬರೀ ನಡುಕವಾಗಿದ್ದರೆ ಹಿಡಿದಾಗ ನಿಲ್ಲುತ್ತದಂತೆ. ನಿಲ್ಲಲಿಲ್ಲ, ಅಂಗೈಯೊಳಗೇ ಎಳೆಯುತ್ತಿತ್ತು. ಹಿಮ್ಮಡಿ ಚುಚ್ಚಿ ನೋಡಿದರೆ ರಕ್ತದ ಸಕ್ಕರೆ ಬರೀ 18, ತೀರಾ ಕಡಿಮೆ. ಗ್ಲೂಕೋಸ್ ಏರಿಸಿದರು, ಫಿಟ್ಸ್ ನಿಲ್ಲಿಸಲು ಫಿನೋಬಾರ್ಬಿಟೋನ್ ಕೊಟ್ಟರು. ಆರು ದಿನ ಎನ್‌ಐಸಿಯು, ಅಂದರೆ ಎಳೆ ಕೂಸುಗಳ ತೀವ್ರ ನಿಗಾ ಘಟಕ. "ಫಿಟ್ಸ್ ನಿಂತಿದೆ, ಮಗು ಚೆನ್ನಾಗಿದೆ" ಎಂದು ಮನೆಗೆ ಕಳಿಸಿದರು. ಮತ್ತೆ ಯಾವಾಗ ಬರಬೇಕು, ಏನನ್ನು ಗಮನಿಸುತ್ತಿರಬೇಕು, ಯಾರೂ ಹೇಳಲಿಲ್ಲ.

ಕಳೆದ ವರ್ಷ ಎಂಆರ್‌ಐ ತೋರಿಸಿ ಮಕ್ಕಳ ನರರೋಗ ತಜ್ಞರು ಬಿಡಿಸಿ ಹೇಳಿದರು. ನವಜಾತ ಶಿಶುವಿನ ಸಕ್ಕರೆ ತೀರಾ ಇಳಿದರೆ ಹೆಚ್ಚಾಗಿ ಪೆಟ್ಟು ಬೀಳುವುದು ಮಿದುಳಿನ ಹಿಂಭಾಗಕ್ಕೆ, ಕಂಡದ್ದನ್ನು ಅರ್ಥ ಮಾಡಿಕೊಳ್ಳುವ ಜಾಗಕ್ಕೆ. ಕಣ್ಣಿನ ಪರೀಕ್ಷೆಯಲ್ಲಿ ಏನೂ ತೊಂದರೆ ಇಲ್ಲ. ತುಂಬಿದ ಪುಟದಲ್ಲಿ ಬೇಕಾದ್ದನ್ನು ಹೆಕ್ಕುವುದೇ ಅವನಿಗೆ ಕಷ್ಟ. ಫಿಟ್ಸ್ ಬಂದ ಮಕ್ಕಳೆಲ್ಲರಿಗೂ ಹೀಗಾಗುವುದಿಲ್ಲ. ಕಾರಣ ಯಾವುದು ಎಂಬುದರ ಮೇಲೆ ಬಹಳ ನಿಂತಿದೆ: ಬರೀ ಕ್ಯಾಲ್ಸಿಯಂ ಕಡಿಮೆಯಾಗಿ ಬಂದಿದ್ದರೆ ಸಾಮಾನ್ಯವಾಗಿ ಮುಂದೆ ತೊಂದರೆ ಕಡಿಮೆ, ಉಸಿರುಕಟ್ಟಿ ಹುಟ್ಟಿದ ಮಕ್ಕಳಲ್ಲಿ, ಮೆದುಳು ಜ್ವರದಲ್ಲಿ ಅಪಾಯ ಹೆಚ್ಚು. ಕೆಲವರಲ್ಲಿ ಕೂರುವುದು, ನಡೆಯುವುದು ಎಲ್ಲ ಹೊತ್ತಿಗೆ ಸರಿಯಾಗಿ ಆಗಿ, ಓದು ಬರಹ ಶುರುವಾದ ಮೇಲೇ ಕೊರತೆ ಕಾಣುತ್ತದೆ. ನಮಗೆ ಆದದ್ದು ಅದೇ.

ಡಿಸ್ಚಾರ್ಜ್ ಕಾಗದದಲ್ಲಿ ಫಿಟ್ಸ್ ಎಂದಿದ್ದರೆ ದಯವಿಟ್ಟು ಅದನ್ನು ಜೋಪಾನ ಮಾಡಿ, ಶಾಲೆಗೆ ಸೇರುವವರೆಗೂ, ಸೇರಿದ ಮೇಲೂ ಮಗುವನ್ನು ತೋರಿಸುತ್ತಿರಿ. ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೋಡಿಕೊಳ್ಳುವ ಡಿಇಐಸಿ ಎಂಬ ಕೇಂದ್ರ ಇದೆ, ದುಡ್ಡು ಕೊಡಬೇಕಿಲ್ಲ.

ಈಗ ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಒಂದು ಸಾಲಿನಷ್ಟು ಕಿಟಕಿ ಕೊರೆದುಕೊಟ್ಟಿದ್ದೇನೆ. ಅದನ್ನು ಪುಟದ ಮೇಲಿಟ್ಟು ಕೆಳಗೆ ಸರಿಸುತ್ತಾ ಓದುತ್ತಾನೆ. ಅವನ ಮಿಸ್ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಡುತ್ತಾರೆ, ಒಂದು ಚೀಟಿಗೆ ಒಂದೇ ಲೆಕ್ಕ. ರಟ್ಟಿನ ಅಂಚು ಆಗಲೇ ಸವೆದಿದೆ. ಶಾಲೆಗೆ ಇನ್ನೊಂದು ಬೇಕಂತೆ, ಗಣೇಶನ ಚಿತ್ರ ಇರುವ ಕಡೆಯಿಂದ ಕತ್ತರಿಸಬೇಕಂತೆ.