ಮ್ಯಾಟ್ರೆಸ್ ಕುಸಿದಿದ್ದರೆ ದುಡ್ಡು ವಾಪಸ್ ಕೇಳಿ, ವಾರಂಟಿ ಮಾತಿಗೆ ಸುಮ್ಮನಾಗಬೇಡಿ

ಹೊಸ ಮ್ಯಾಟ್ರೆಸ್ ಕೆಲವೇ ತಿಂಗಳಲ್ಲಿ ಮಧ್ಯದಲ್ಲಿ ಗುಂಡಿ ಬಿತ್ತು ಅಂತ ಕಂಪನಿಗೆ ಫೋನ್ ಮಾಡಿದರೆ, "ಫೋಮ್ ನಿಮ್ಮ ಮೈಗೆ ಹೊಂದಿಕೊಳ್ತಾ ಇದೆ" ಅಂದರು. ಆಮೇಲೆ ಮಂಚದ ಮೇಲೆ ತಪ್ಪು ಹೊರಿಸಿದರು. ಕೊನೆಗೆ ವಾರಂಟಿ ಕಾರ್ಡಿನ ಸಣ್ಣ ಅಕ್ಷರ ತೋರಿಸಿ, ಇಷ್ಟು ಇಂಚಿಗಿಂತ ಜಾಸ್ತಿ ಕುಸಿದಿದ್ದರೆ ಮಾತ್ರ ಬೇರೆ ಕೊಡುತ್ತೇವೆ, ರಿಫಂಡ್ ಅಂತೂ ಇಲ್ವೇ ಇಲ್ಲ ಅಂದುಬಿಟ್ಟರು. ನನಗೆ ಸಿಟ್ಟು ಬಂದಿದ್ದು ಇಲ್ಲೇ.

ವಾರಂಟಿ ಕಂಪನಿ ತಾನಾಗಿ ಕೊಟ್ಟ ಮಾತು. ಕಾನೂನು ಕೊಟ್ಟ ಹಕ್ಕು ಬೇರೆಯೇ ಇದೆ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷ ಇರುವ ವಸ್ತುವನ್ನು ವಾಪಸ್ ತಗೊಂಡು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಲ್ಲಿ ಏನೂ ಹೇಳದಿದ್ದರೆ 30 ದಿನದೊಳಗೆ, ದುಡ್ಡು ಕೊಡಲು ಒಪ್ಪದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಕಂಪನಿಗೆ ಕಳಿಸುವ ದೂರಿನಲ್ಲಿ ಈ ಮಾತನ್ನು ಬರೆಯಲೇಬೇಕು.

ಆದರೆ ದೋಷ ಇದೆ ಅಂತ ತೋರಿಸಬೇಕಲ್ವಾ? ಬೆಡ್‌ಶೀಟ್ ಪೂರ್ತಿ ತೆಗೆಯಿರಿ. ಒಂದು ನೇರವಾದ ಕೋಲನ್ನು ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ಅಡ್ಡ ಇಡಿ, ಗುಂಡಿಯಲ್ಲಿ ಸ್ಕೇಲ್ ನೆಟ್ಟಗೆ ನಿಲ್ಲಿಸಿ, ಅಂಕಿ ಕಾಣುವ ಹಾಗೆ ಹತ್ತಿರದಿಂದ ಫೋಟೋ ತೆಗೆಯಿರಿ. ಮಂಚದ ಹಲಗೆ ಸರಿಯಾಗಿದೆ ಅನ್ನೋದಕ್ಕೂ ಒಂದು ಫೋಟೋ ಇರಲಿ. ಬದಿಗೆ ಹೊಲಿದಿರುವ ಲೇಬಲ್ ಕೀಳಬೇಡಿ. ಕಲೆ ಆಗದಂತೆ ನೋಡಿಕೊಳ್ಳಿ, ಕಲೆ ಇದ್ದರೆ ಅದನ್ನೇ ನೆಪ ಮಾಡಿ ವಾರಂಟಿ ಇಲ್ಲ ಅನ್ನುತ್ತಾರೆ.

ಫೋನಿನಲ್ಲಿ ಎಷ್ಟು ಮಾತಾಡಿದರೂ ನಿಮ್ಮ ಕೈಯಲ್ಲಿ ಏನೂ ಉಳಿಯಲ್ಲ. ಎಲ್ಲವನ್ನೂ ಇಮೇಲ್‌ನಲ್ಲೇ ಕೇಳಿ. ಆನ್‌ಲೈನ್‌ನಲ್ಲಿ ಕೊಂಡಿದ್ದರೆ ದೂರು ನೋಡುವ ಅಧಿಕಾರಿಯ ಹೆಸರು ಆ ಸೈಟಿನಲ್ಲೇ ಇರಬೇಕು. ಅವರು 48 ಗಂಟೆಯೊಳಗೆ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು.

ಅದಕ್ಕೂ ಬಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಜನ ಇಲ್ಲಿಗೆ ಹೋಗೋಕೆ ಸುಮ್ನೆ ಹೆದರುತ್ತಾರೆ. ವಕೀಲರು ಬೇಕೇ ಬೇಕು ಅಂತೇನಿಲ್ಲ, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಕಂಪನಿ ಯಾವ ಊರಿನದ್ದಾದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು, ಅಷ್ಟೇ. ವಸ್ತುವನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕಾದರೆ ಐದು ತಿಂಗಳಲ್ಲಿ ತೀರ್ಮಾನ ಆಗಬೇಕು ಅಂತ ಕಾಯ್ದೆ ಹೇಳುತ್ತದೆ, ಅದಕ್ಕಿಂತ ತಡವಾದರೂ ಬಿಡಬೇಡಿ. ಬೆಲೆಯ ಜೊತೆ ಬಡ್ಡಿ, ಪರಿಹಾರ ಎರಡನ್ನೂ ಕೇಳಬಹುದು.

ಇನ್ನೊಂದು ವಿಷಯ. ಮಧ್ಯದಲ್ಲಿ ಕಂಪನಿಯವರು ಬೇರೆ ಮ್ಯಾಟ್ರೆಸ್ ಕಳಿಸಿ ಒಂದು ಕಾಗದಕ್ಕೆ ಸಹಿ ಕೇಳಬಹುದು. ಅದರಲ್ಲಿ "ಇನ್ನು ಯಾವ ದೂರೂ ಇಲ್ಲ" ಅಂತ ಇದ್ದು, ನಿಮಗೆ ದುಡ್ಡೇ ಬೇಕಿದ್ದರೆ, ಸಹಿ ಹಾಕಬೇಡಿ.