ನಲ್ಲರ್ಬೋರ್ ದಾರಿಯಲ್ಲಿ ಏಳು ಕೊಡ ನೀರು

ನಮ್ಮ ಕ್ಯಾಂಪರ್‌ವ್ಯಾನಿನ ನೀರಿನ ಟ್ಯಾಂಕ್ 100 ಲೀಟರಿನದು. ನಮ್ಮೂರ ಲೆಕ್ಕದಲ್ಲಿ ಏಳು ಕೊಡ. ಕುಷ್ಟಗಿ ಹತ್ತಿರದ ನಮ್ಮ ಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ಬೋರ್‌ವೆಲ್ ಮುಂದೆ ಕೊಡಗಳ ಪಾಳಿ ಹತ್ತುತ್ತಿತ್ತು. ಅವ್ವ ನಾಲ್ಕು ಕೊಡದಲ್ಲಿ ಆರು ಜನರ ದಿನ ಕಳೆಸುತ್ತಿದ್ದಳು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಹದಿನೆಂಟು ವರ್ಷ ಇದ್ದು ಆ ಲೆಕ್ಕವೇ ನನಗೆ ಮರೆತುಹೋಗಿತ್ತು. ಪರ್ತ್‌ಗೆ ವ್ಯಾನಿನಲ್ಲಿ ಹೊರಟಾಗ ಮತ್ತೆ ನೆನಪಾಯಿತು.

ಪೋರ್ಟ್ ಆಗಸ್ಟಾದಿಂದ ನಾರ್ಸ್‌ಮನ್‌ವರೆಗಿನ ಏರ್ ಹೆದ್ದಾರಿ 1,600 ಕಿಲೋಮೀಟರಿಗಿಂತ ಜಾಸ್ತಿ. ಇದಕ್ಕೆ ಪೂರ್ತಿ ಡಾಂಬರು ಬಿದ್ದದ್ದು 1976ರಲ್ಲಿ. ನಡುವೆ ಬರುವುದೇ ನಲ್ಲರ್ಬೋರ್ ಬಯಲು. ಲ್ಯಾಟಿನ್‌ನಲ್ಲಿ 'ಮರವಿಲ್ಲದ್ದು' ಎಂದರ್ಥ. ಬಯಲಿನ ಅಡಿಯೆಲ್ಲಾ ಸುಣ್ಣಕಲ್ಲು. ಬಿದ್ದ ಅಷ್ಟಿಷ್ಟು ಮಳೆಯೂ ಬಿರುಕುಗಳಲ್ಲಿ ಇಳಿದುಹೋಗುತ್ತದೆ. ಹೊಳೆ ಇಲ್ಲ, ಹಳ್ಳ ಇಲ್ಲ. ನೆಲದ ಕೆಳಗೆ ದೊಡ್ಡ ದೊಡ್ಡ ಗುಹೆಗಳಲ್ಲಿ ನೀರು ನಿಂತಿದೆ, ಆದರೆ ಅದು ಉಪ್ಪು. ಹಾಗಾಗಿ ದಾರಿಯ ರೋಡ್‌ಹೌಸ್‌ಗಳಲ್ಲಿ ಡೀಸೆಲ್ ಸಿಗುತ್ತದೆ, ಊಟ ಸಿಗುತ್ತದೆ, ಟ್ಯಾಂಕಿಗೆ ನೀರು ಸಿಗುವುದಿಲ್ಲ. ದುಡ್ಡು ಕೊಟ್ಟು ಬಾಟಲಿ ಕೊಳ್ಳಬೇಕು.

ಇದು ಗೊತ್ತಿದ್ದೇ ಸೆಡೂನಾದಲ್ಲಿ ಟ್ಯಾಂಕನ್ನು ಬಾಯಿತನಕ ತುಂಬಿಸಿದ್ದೆವು. ಕುಡಿಯಲು ಬೇರೆ ಎರಡು ಕ್ಯಾನ್ ಇದ್ದವು, ಇಪ್ಪತ್ತು ಇಪ್ಪತ್ತು ಲೀಟರಿನವು. ಪೆನಾಂಗ್ ಎಂಬ ಸಣ್ಣ ಊರಲ್ಲಿ ನೆಲದ ನೀರೆತ್ತುವ ಗಾಳಿಯಂತ್ರಗಳ ಸಾಲು ನೋಡಿ ಖುಷಿಯಿಂದ ಫೋಟೋ ತೆಗೆದೆ. ನಲ್ಲರ್ಬೋರ್ ರೋಡ್‌ಹೌಸ್ ಮುಟ್ಟಿ ಕೈತೊಳೆಯಲು ಹೋದರೆ ಟ್ಯಾಂಕಿನ ಮುಳ್ಳು ಅರ್ಧಕ್ಕಿಂತ ಕೆಳಗಿತ್ತು. ಬೆಳಿಗ್ಗೆ ಪಾತ್ರೆ ತೊಳೆದ ಮೇಲೆ ನಾನು ಪಂಪಿನ ಸ್ವಿಚ್ ಆರಿಸಿರಲಿಲ್ಲ. ಸಿಂಕ್ ಕೆಳಗೆ ಪೈಪಿನ ಜಾಯಿಂಟ್ ಅಲುಗಾಡಿ ಸಡಿಲವಾಗಿತ್ತು. ಮುನ್ನೂರು ಕಿಲೋಮೀಟರ್ ಉದ್ದಕ್ಕೂ ನೀರು ರಸ್ತೆಗೆ ಸುರಿದಿತ್ತು. ನನಗೆ ಅಳುವೇ ಬಂತು. ನಮ್ಮ ಮನೆಯವರು "ಇರಲಿ ಬಿಡು, ಬಾಟಲಿ ತಗೊಂಡ್ರಾಯ್ತು" ಅಂದರು. ಅವರು ಬೆಂಗಳೂರಿನವರು. ನೀರು ಚೆಲ್ಲಿದರೆ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೇ ಗೊತ್ತು.

ಅಲ್ಲಿಂದ ಮುಂದೆ ಅವ್ವನ ಲೆಕ್ಕ ಶುರುವಾಯಿತು. ಅಕ್ಕಿ ತೊಳೆದ ನೀರು ತಟ್ಟೆ ತೊಳೆಯಲು. ತಟ್ಟೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ಸ್ಪ್ರೇ ಬಾಟಲಿಯಿಂದ ನಾಲ್ಕು ಸಲ ಚಿಮುಕಿಸಿದರೆ ಸಾಕು. ಸ್ನಾನವೆಂದರೆ ಒದ್ದೆ ಟವೆಲ್. ನಮ್ಮನ್ನು ನಿಜಕ್ಕೂ ಕಾಪಾಡಿದ್ದು ಖಡಕ್ ರೊಟ್ಟಿ. ಹೊರಡುವ ವಾರ ಕೂತು ಅರವತ್ತು ಬಡಿದಿದ್ದೆ, ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ. ಬೇಯಿಸುವುದು ಬೇಡ, ತೊಳೆಯುವುದು ಬೇಡ, ಕೆಡುವುದಿಲ್ಲ. ಒಣ ನೆಲದವರು ಸುಮ್ನೆ ಈ ರೊಟ್ಟಿ ಮಾಡಿಕೊಂಡು ಬಂದಿಲ್ಲ, ಅಲ್ವಾ?

ಅಡುಗೆಗೆ ಇನ್ನೊಂದು ಗಡುವೂ ಇತ್ತು. ಬಾರ್ಡರ್ ವಿಲೇಜ್‌ನಲ್ಲಿ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಹೋಗುವ ಪ್ರತಿ ಗಾಡಿಯನ್ನೂ ತಪಾಸಣೆ ಮಾಡುತ್ತಾರೆ. ಹಸಿ ಹಣ್ಣು, ತರಕಾರಿ, ಜೇನುತುಪ್ಪ ಒಳಗೆ ಬಿಡುವುದಿಲ್ಲ. ಬೆಳೆಗೆ, ಜೇನುಹುಳಕ್ಕೆ ರೋಗ ಬರಬಾರದೆಂದು. ಹಿಂದಿನ ರಾತ್ರಿ ಇದ್ದ ಬದನೆ, ಗಜ್ಜರಿ, ಟೊಮೆಟೊ ಎಲ್ಲವನ್ನೂ ಒಂದೇ ಕುಕ್ಕರಿಗೆ ಹಾಕಿ ಹುಳಿ ಮಾಡಿದೆ. ಹಿತ್ತಲ ಕರಿಬೇವನ್ನು ಎಣ್ಣೆಯಲ್ಲಿ ಗರಿಗರಿ ಹುರಿದು ಚಟ್ನಿಪುಡಿಗೆ ಸೇರಿಸಿದೆ. ತಪಾಸಣೆಯ ಹೆಣ್ಣುಮಗಳು ಫ್ರಿಜ್ ತೆಗೆದು ನೋಡಿದಳು, ಬೇಳೆ ಡಬ್ಬಿ ನೋಡಿದಳು, ಹುಳಿಯ ಪಾತ್ರೆಯನ್ನು ಬಿಟ್ಟಳು. ಅರ್ಧ ಬಾಟಲಿ ಜೇನು ಮಾತ್ರ ಅಲ್ಲೇ ಹೋಯಿತು. ಅದು ಸರಿಯಾದ ಕೆಲಸವೇ.

ಯೂಕ್ಲಾದಲ್ಲಿ 1877ರಲ್ಲಿ ಶುರುವಾದ ತಂತಿ ಕಚೇರಿಯ ಕಲ್ಲುಗೋಡೆಗಳು ಮರಳಿನಲ್ಲಿ ಹೂತು ನಿಂತಿವೆ. ಆ ಮರಳುದಿಬ್ಬದ ಮೇಲೆ ನಾನು ಬಹಳ ಹೊತ್ತು ಕೂತೆ. 1841ರಲ್ಲಿ ಎಡ್ವರ್ಡ್ ಜಾನ್ ಏರ್ ಎಂಬ ಇಂಗ್ಲಿಷ್ ಅನ್ವೇಷಕ ಈ ಕರಾವಳಿಗುಂಟ ನಡೆದುಹೋದ. ಕೊನೆತನಕ ಜೊತೆಗಿದ್ದವನು ವೈಲಿ, ಪಶ್ಚಿಮದ ಆಲ್ಬನಿ ಕಡೆಯ ಮೂಲನಿವಾಸಿ ಯುವಕ. ಮರಳುದಿಬ್ಬದಲ್ಲಿ ಎಲ್ಲಿ ತೋಡಿದರೆ ಸಿಹಿನೀರು ಎಂದು ಅವರಿಗೆ ತೋರಿಸಿಕೊಟ್ಟವರು ಈ ನೆಲದ ಜನ. ನೀರು ಸಿಗದ ದಿನ ಗಿಡದ ಮೇಲಿನ ಇಬ್ಬನಿಯನ್ನು ಸ್ಪಂಜಿನಲ್ಲಿ ಹೀರಿಸಿ ಹಿಂಡಿ ಕುಡಿದರಂತೆ. ನಮ್ಮ ಹಳ್ಳದಲ್ಲೂ ನೀರು ಬತ್ತಿದಾಗ ಮರಳಿನಲ್ಲಿ ಒರತೆ ತೋಡುತ್ತಿದ್ದೆವು. ಬಟ್ಟಲಿನಿಂದ ಒಂದೊಂದೇ ಮೊಗೆದು ಕೊಡ ತುಂಬಿಸುವಾಗ ಎಷ್ಟು ತಾಳ್ಮೆ ಬೇಕಿತ್ತು! ಹೆದ್ದಾರಿಗೆ ಏರ್ ಹೆಸರಿದೆ. ನೀರು ತೋರಿಸಿದವರ ಹೆಸರು ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸಿತು.

ಕೈಗೂನಾ ದಾಟಿದ ಮೇಲೆ 146.6 ಕಿಲೋಮೀಟರ್ ಒಂದೂ ತಿರುವಿಲ್ಲ. ಅಲ್ಲೇ ರಸ್ತೆ ಪಕ್ಕ ಸುಣ್ಣಕಲ್ಲಿನಲ್ಲಿ ಒಂದು ಬಿಲವಿದೆ. ಗಾಳಿಯ ಒತ್ತಡ ಬದಲಾದಂತೆ ಒಳಗಿನ ಗುಹೆ ಉಸಿರು ಬಿಡುತ್ತದೆ, ಎಳೆದುಕೊಳ್ಳುತ್ತದೆ. ಕೈಯಿಟ್ಟಾಗ ತಣ್ಣನೆ ಗಾಳಿ ತಾಗಿತು. ರಸ್ತೆಯ ಮೇಲೆ ಕೆಲವು ಕಡೆ ಬಿಳಿ ಪಟ್ಟೆ ಬಳಿದಿದ್ದಾರೆ. ಯಾರಿಗಾದರೂ ಹುಷಾರು ತಪ್ಪಿದರೆ ಫ್ಲೈಯಿಂಗ್ ಡಾಕ್ಟರ್ ವಿಮಾನ ಹೆದ್ದಾರಿಯಲ್ಲೇ ಇಳಿಯಲೆಂದು. ಕತ್ತಲಾಗುವ ಮೊದಲೇ ನಾವು ಗಾಡಿ ನಿಲ್ಲಿಸುತ್ತಿದ್ದೆವು. ಕಾಂಗರೂಗಳು ಸಂಜೆಗೇ ರಸ್ತೆಗೆ ಬರುತ್ತವೆ.

ಕೈಗೂನಾ ಹತ್ತಿರ ರಾತ್ರಿ ತಂಗಿದ ಕಡೆ ಪಕ್ಕದ ಕ್ಯಾರವಾನಿನಲ್ಲಿ ವಯಸ್ಸಾದ ಗಂಡ ಹೆಂಡತಿ ಇದ್ದರು. ನಮ್ಮ ಕಥೆ ಕೇಳಿ ಆ ಅಜ್ಜ ಮಾತಾಡದೆ ಒಂದು ಕ್ಯಾನ್ ನೀರು ತಂದಿಟ್ಟರು. ನಾನು ಹತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಪುಡಿ ಕೊಟ್ಟೆ. ಹೇಗೆ ತಿನ್ನಬೇಕೆಂದು ಮುರಿದು ತೋರಿಸಿದೆ.

ನಾರ್ಸ್‌ಮನ್ ತಲುಪಿದಾಗ ಟ್ಯಾಂಕಿನಲ್ಲಿ ಅರ್ಧ ಕೊಡ ಉಳಿದಿತ್ತು. ಆ ಊರಿನ ನಲ್ಲಿಗೆ ನೀರು ಬರುವುದು ಪರ್ತ್ ಪಕ್ಕದ ಮುಂಡಾರಿಂಗ್ ಅಣೆಕಟ್ಟಿನಿಂದ. ಕಾಲ್ಗೂರ್ಲಿಯ ಚಿನ್ನದ ಗಣಿಗಳಿಗೆಂದು 1903ರಲ್ಲಿ 500 ಕಿಲೋಮೀಟರಿಗೂ ಉದ್ದದ ಪೈಪ್ ಎಳೆದಿದ್ದರು, ಅದೇ ಆಮೇಲೆ ಇಲ್ಲಿಗೂ ಬಂತು. ನಲ್ಲಿ ತಿರುಗಿಸಿ ಮೊದಲು ಬೊಗಸೆಯಲ್ಲಿ ಹಿಡಿದು ಕುಡಿದೆ. ಆ ರಾತ್ರಿ ಐದು ದಿನದ ಮೇಲೆ ತಲೆಗೆ ನೀರು ಹಾಕಿಕೊಂಡೆ, ಒಂದೇ ಬಕೆಟ್.