ಟಿಕೆಟ್ ತೆಗೆದ ಬ್ಯಾಗು

ಬೀದರ್
21 ಡಿಸೆಂಬರ್ 2024, ಶನಿವಾರ ರಾತ್ರಿ

ನಿನ್ನೆ ಕಲಬುರಗಿಯಿಂದ ಬರುವಾಗ ಬಸ್ಸಿನಲ್ಲಿ ನಾವು ಹಾಕಿ ಟೀಮಿನ 16 ಹುಡುಗಿಯರು. ದುಡ್ಡು ಕೊಟ್ಟು ಟಿಕೆಟ್ ತೆಗೆದವರು ಇಬ್ಬರೇ: ನಮ್ಮ ಪಿ.ಇ. ಸರ್, ಮತ್ತೆ ನನ್ನ ಬ್ಯಾಗು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತಲ್ಲ, ಆಗಿನಿಂದ ನಮ್ಮದೆಲ್ಲ ಸೊನ್ನೆ ಟಿಕೆಟ್. ಆಧಾರ್ ತೋರಿಸಿದರೆ ಸಾಕು. ಗೋಲ್‌ಕೀಪರ್ ಬ್ಯಾಗಿಗೆ ಆಧಾರ್ ಎಲ್ಲಿಂದ ತರೋದು? ಕಂಡಕ್ಟರ್ ಅದನ್ನು ಎತ್ತಲು ನೋಡಿ ಕೈಬಿಟ್ಟರು.

"ಏನದ ತಂಗಿ ಇದರಾಗ, ಹೆಣ ಅದ ಏನು?"

"ಹಾಕಿ ಆಡೋ ಪ್ಯಾಡ್ ಅವ ನೋಡ್ರಿ ಅಣ್ಣ."

"ನಿಮಗ ಫ್ರೀ ಅದ. ಇದಕ್ಕಿಲ್ಲ."

ಎರಡು ಪ್ಯಾಡ್, ಶೂ ಮೇಲೆ ಕಟ್ಟುವ ಎರಡು ಕಿಕರ್, ಚೆಸ್ಟ್ ಗಾರ್ಡ್, ಹೆಲ್ಮೆಟ್, ಗ್ಲೌಸ್. ಹಿಂದಿನ ಮ್ಯಾಚಿನ ಬೆವರೂ ಅದರೊಳಗೇ. ಕಮಲಾಪುರ ಬರುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿ ಮೂಗಿಗೆ ಸೆರಗು ಹಿಡಿದಿದ್ದರು. ಅಲ್ಲಿ ಕೆಂಪು ಬಾಳೆಹಣ್ಣು ಕೊಂಡು ಅವರಿಗೂ ಎರಡು ಕೊಟ್ಟೆ. ತಿನ್ನುವಾಗ ಸೆರಗು ಕೆಳಗೆ ಬಂತು. ತಿಂದ ಮೇಲೆ ಮತ್ತೆ ಮೂಗಿಗೆ.

ಕೀಪರ್‌ಗಳು ನಾವಿಬ್ಬರು, ಕಿಟ್ ಒಂದೇ. ಸೀನಿಯರ್ ಅಕ್ಕ ಆಡುತ್ತಾಳೆ, ನಾನು ಹೊರುತ್ತೇನೆ. ಟೀಮಿಗೆ ಸೇರಿ ಒಂದೂವರೆ ವರ್ಷ ಆಯಿತು. ಆಡಿದ್ದಕ್ಕಿಂತ ಅವಳ ಬಕಲ್ ಬಿಗಿದದ್ದೇ ಜಾಸ್ತಿ.

ಇವತ್ತು ಹಾಫ್ ಟೈಮಿಗೆ ಬಂದು ಕೂತ ಅಕ್ಕ ಏಳಲೇ ಇಲ್ಲ. ಬೆಳಗ್ಗೆಯಿಂದ ಮೈ ಸುಡುತ್ತಿತ್ತಂತೆ, ಯಾರಿಗೂ ಹೇಳಿರಲಿಲ್ಲ. ಸರ್ ನನ್ನ ಕಡೆ ನೋಡಿದರು. ಎಲ್ಲರೂ ಸೇರಿ ಅವಳಿಂದ ಬಿಚ್ಚಿ ನನಗೆ ಕಟ್ಟಿದರು. ಅವಳ ಬೆವರಲ್ಲಿ ನೆಂದ ಚೆಸ್ಟ್ ಗಾರ್ಡ್, ಮೇಲೆ ಬೀದರಿನ ಚಳಿಗಾಳಿ. ಒದ್ದೆ ಟವೆಲ್ ಸುತ್ತಿಕೊಂಡ ಹಾಗಿತ್ತು.

ಟಿವಿಯಲ್ಲಿ ನೋಡುವ ಹಾಕಿ ಬೇರೆ. ಟರ್ಫಿಗೆ ನೀರು ಹೊಡೆದಿರುತ್ತಾರೆ, ಬಾಲು ಗೀಟು ಎಳೆದ ಹಾಗೆ ಹೋಗುತ್ತದೆ. ಭಾರತದ ಗೋಲ್‌ಕೀಪರ್ ಆಗಿದ್ದ ಶ್ರೀಜೇಶ್ ಅದರ ಮೇಲೆ ಜಾರಿ ಕಾಲು ಚಾಚುವುದನ್ನು ಎಷ್ಟು ಸಲ ನೋಡಿದ್ದೇನೋ. ಇಲ್ಲಿ ಬರೀ ಕೆಂಪು ಗರಸು. ಜಾರಿದರೆ ಬಾಲು ನಿಲ್ಲುತ್ತದೋ ಇಲ್ಲವೋ, ಮೊಣಕಾಲಿನ ಚರ್ಮ ಮಾತ್ರ ಅಲ್ಲೇ ಉಳಿಯುತ್ತದೆ.

ಮೂರನೇ ಕ್ವಾರ್ಟರಿನಲ್ಲಿ ಎದುರು ಟೀಮಿಗೆ ಪೆನಾಲ್ಟಿ ಕಾರ್ನರ್, ಅಂದರೆ ನಮ್ಮ ತಪ್ಪಿಗೆ ಅವರಿಗೆ ಸಿಗುವ ಗೋಲಿನ ಅವಕಾಶ. ಗೋಲಿನ ಗೆರೆ ಹಿಂದೆ ನಾನು, ಜೊತೆಗೆ ನಾಲ್ವರು. ಮೊದಲ ಹೊಡೆತ ಹಿಟ್ ಆದರೆ, ಅಂದರೆ ಸ್ಟಿಕ್ ಬೀಸಿ ಹೊಡೆದರೆ, ಗೆರೆ ದಾಟುವಾಗ ಬಾಲು ಗೋಲಿನ ಹಲಗೆಯ ಎತ್ತರ, ಅಂದರೆ 46 ಸೆಂಟಿಮೀಟರ್ ಮೀರಬಾರದು. ಹಾಗಾಗಿ ಕೀಪರ್ ಕೆಳಗೇ ಕಾಯುವುದು. ನಾನೂ ಕಾದೆ. ಬಾಲು ನನ್ನ ಮುಂದಿನ ಒಂದು ಕಲ್ಲಿಗೆ ತಾಗಿ ಎದ್ದು, ಭುಜದ ಮೇಲಿಂದ ಹಾದು ಬಲೆಗೆ ಬಿತ್ತು.

"ಹಲಗಿ ಮ್ಯಾಲಿಂದ ಹೋಯ್ತಲ್ರೀ!" ಅಂತ ಸರ್ ಕೂಗಿದರು. ಅಂಪೈರ್ ಗೋಲು ಕೊಟ್ಟರು. ಗೆರೆ ದಾಟುವಾಗ ಎಷ್ಟು ಎತ್ತರ ಇತ್ತು ಅನ್ನೋದು ತಾನೇ ಲೆಕ್ಕ? ನನ್ನ ಪ್ರಕಾರ ಅದು ಗೋಲಲ್ಲ. ಕೊನೆಗೆ 2-1ರಲ್ಲಿ ನಾವೇ ಗೆದ್ದೆವು, ಜಗಳ ಅಲ್ಲಿಗೇ ಮುಗಿಯಿತು.

ಸಂಜೆ ನಾನಕ್ ಝೀರಾ ಗುರುದ್ವಾರಕ್ಕೆ ಹೋದೆವು. ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರ್‌ನಲ್ಲಿ, ಅಂದರೆ ಅಲ್ಲಿನ ಉಚಿತ ಊಟಕ್ಕೆ, ಸಾಲಾಗಿ ಕೂತೆವು. ಅಲ್ಲಿ ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ನನ್ನ ಬಲ ಅಂಗೈ ಊದಿತ್ತು. ಬಡಿಸುತ್ತಿದ್ದ ಅಜ್ಜ ಅದನ್ನೇ ನೋಡಿ, ಏನೂ ಕೇಳದೆ ಇನ್ನೊಂದು ರೊಟ್ಟಿ ಇಟ್ಟರು. ಐದು ತಿಂದೆ.

ಈಗ ನಾವು ಮಲಗುವ ಹಾಲ್‌ನಲ್ಲಿ ಫ್ಯಾನು ಜೋರಾಗಿ ತಿರುಗುತ್ತಿದೆ. ಈ ಚಳಿಯಲ್ಲಿ! ಎಲ್ಲರೂ ಚಾದರ ಹೊದ್ದುಕೊಂಡು ನನ್ನನ್ನು ಬೈಯುತ್ತಿದ್ದಾರೆ. ಫ್ಯಾನು ನಮಗಲ್ಲ, ಪ್ಯಾಡಿಗೆ. ನಾಳೆ ಎಂಟಕ್ಕೆ ಮ್ಯಾಚು, ಅವು ಇನ್ನೂ ಒಣಗಿಲ್ಲ.

ಅಕ್ಕನಿಗೆ ಸರ್ ಮಾತ್ರೆ, ಬ್ರೆಡ್ ತಂದುಕೊಟ್ಟಿದ್ದಾರೆ. ನಿದ್ದೆ ಹತ್ತಿರಬೇಕು ಅಂದುಕೊಂಡಿದ್ದೆ. ಚಾದರದೊಳಗಿಂದಲೇ ಹೇಳಿದಳು:

"ಎಡಗಾಲಿಂದು ಮೂರನೇ ಬಕಲ್ ಸಡಲ ಅದ. ನೋಡ್ಕೋ."